ಗೋಡೆಯ ಮೇಲೊಂದು ಬದುಕು

ಒಂದು ಊರಿಗೆ ಗುರುತು ಎಂದರೆ ಗುಡಿ ಇರಬಹುದು, ಕೆರೆ ಇರಬಹುದು, ಅರಳಿಕಟ್ಟೆ ಇರಬಹುದು. ಬೆಂಗಳೂರಿನ ಜಯನಗರಕ್ಕೆ ಗುರುತಾಗಿ ನಿಂತಿರುವುದು ಒಂದು ಶಿಲ್ಪ. 1948ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಈ ಬಡಾವಣೆಗೆ ಅಡಿಗಲ್ಲು ಹಾಕಿದರು. ಒಂದನೇ ಬ್ಲಾಕಿನ ವೃತ್ತದಲ್ಲಿ ಅಶೋಕ ಸ್ತಂಭ ತಲೆ ಎತ್ತಿತು. ಆಟೋದವರಿಗೂ ಬಸ್ಸಿನವರಿಗೂ ಇಂದಿಗೂ ಅದು ‘ಅಶೋಕ ಪಿಲ್ಲರ್’. ಅಡಿಗಲ್ಲು ಹಾಕಿದವರ ಹೆಸರು ಹಳಬರಿಗೆಲ್ಲ ಗೊತ್ತು. ಆ ಸಿಂಹಗಳನ್ನು ಕಡೆದ ಕೈ ಯಾರದು? ಅಲ್ಲಿ ಬಸ್ಸಿಗೆ ಕಾಯುವ ಹತ್ತು ಜನರನ್ನು ಕೇಳಿ ನೋಡಿ. ಹತ್ತೂ ಜನ ನಿಮ್ಮ ಮುಖವನ್ನೇ ನೋಡಿಯಾರು!

ಬೀದಿಯಲ್ಲಿರುವ ಕಲೆಗೆ ನಮ್ಮಲ್ಲಿ ಸಲ್ಲುತ್ತಿರುವ ಗೌರವ ಇಷ್ಟೇ. ಚಿತ್ರ ಎಲ್ಲರಿಗೂ ಬೇಕು, ಚಿತ್ರ ಬರೆದವರು ಯಾರಿಗೂ ಬೇಡ. ಹಾಗಾಗಿಯೇ ಮಗಳೋ ಮಗನೋ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲೆಲ್ಲ ಚಿತ್ರ ತುಂಬತೊಡಗಿದರೆ ತಂದೆ ತಾಯಿಗೆ ಹೆಮ್ಮೆಗಿಂತ ಮೊದಲು ಚಿಂತೆ ಹತ್ತುತ್ತದೆ. ‘ಇದರಿಂದ ಹೊಟ್ಟೆ ತುಂಬೀತೆ?’ ಎಂಬ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕಲು ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಒಂದು ದಿನ ಸುತ್ತಿ ಬರುವುದು ಒಳ್ಳೆಯ ದಾರಿ. ಇಲ್ಲಿ ಗೋಡೆಗಳೇ ಮಾತನಾಡುತ್ತವೆ.

ಬಯಲಲ್ಲಿರುವ ಗ್ಯಾಲರಿ

ಅಶೋಕ ಸ್ತಂಭದಿಂದ ಮಾಧವನ್ ಪಾರ್ಕ್ ದಾಟಿ ಪಶ್ಚಿಮಕ್ಕೆ ನಡೆದರೆ ಸೌತ್ ಎಂಡ್ ವೃತ್ತ. ಅಲ್ಲಿಂದ ಉತ್ತರಕ್ಕೂ ದಕ್ಷಿಣಕ್ಕೂ ಚಾಚಿರುವುದು ಆರ್.ವಿ. ರಸ್ತೆ. ಗೌರಿ-ಗಣೇಶ ಹಬ್ಬ ಹತ್ತಿರವಾದಾಗ ಈ ರಸ್ತೆ, ಅದರಾಚೆಯ ಮಾವಳ್ಳಿ ಎಲ್ಲವೂ ಗಣಪತಿಮಯ. ಒಂದು ಗೇಣಿನ ಮಣ್ಣಿನ ಗಣಪನಿಂದ ಆಳೆತ್ತರದ ಗಣಪನವರೆಗೆ ಸಾಲು ಸಾಲು. ಹಬ್ಬ ಮುಗಿದ ಮೇಲೆ ಮೂರ್ತಿ ನೀರಿಗೆ, ಮಾಡಿದವರು ಮರೆವಿಗೆ.

ಸೌತ್ ಎಂಡ್ ವೃತ್ತದಿಂದ ದಕ್ಷಿಣಕ್ಕೆ ಹೋದರೆ ಲಕ್ಷ್ಮಣ ರಾವ್ ಬುಲೆವಾರ್ಡ್. ಎರಡು ರಸ್ತೆಗಳ ನಡುವೆ ಮರಗಳ ನೆರಳಿನಲ್ಲಿದ್ದ ಉದ್ದನೆಯ ಉದ್ಯಾನ. 2009ರಲ್ಲಿ ಮೆಟ್ರೊಗಾಗಿ ಇಲ್ಲಿನ ಮರಗಳಿಗೆ ಕೊಡಲಿ ಬೀಳುತ್ತದೆಂದು ತಿಳಿದಾಗ ನಾಗರಿಕರು ಕೈಕೈ ಹಿಡಿದು ಸರಪಳಿ ಕಟ್ಟಿ ನಿಂತಿದ್ದರು. ಮೆಟ್ರೊ ಬಂತು. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಇತ್ತ ಯಲಚೇನಹಳ್ಳಿಯವರೆಗೆ ಓಡತೊಡಗಿತು. ಮರಗಳಿದ್ದ ಕಡೆ ಕಾಂಕ್ರೀಟ್ ಕಂಬಗಳು ನಿಂತವು. ಬೂದುಬಣ್ಣದ ಒಂದು ಕಂಬ ಕಂಡರೆ ಎಂಜಿನಿಯರಿಗೆ ಭಾರ ಹೊರುವ ಸಾಧನ, ಭಿತ್ತಿಪತ್ರ ಅಂಟಿಸುವವನಿಗೆ ಪುಕ್ಕಟೆ ಜಾಗ. ಚಿತ್ರಗಾರನಿಗೆ? ಅವನಿಗೆ ಅದು ಖಾಲಿ ಹಾಳೆ.

ಅಲ್ಲಿಂದ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್, ಇನ್ನೂ ಆಚೆ ಒಂಬತ್ತನೇ ಬ್ಲಾಕಿನ ರಾಗಿಗುಡ್ಡ. ಗುಡ್ಡದ ಬುಡದ ಬಂಡೆಗಳಲ್ಲಿ ತ್ರಿಮೂರ್ತಿಗಳನ್ನು ಕೆತ್ತಿದ್ದಾರೆ. ಆಂಜನೇಯನ ದರ್ಶನಕ್ಕೆ ಬಂದವರು ಅಲ್ಲಿಯೂ ಕೈ ಮುಗಿದೇ ಹೋಗುತ್ತಾರೆ. ದಾರಿಯುದ್ದಕ್ಕೂ ಸರ್ಕಾರಿ ಶಾಲೆಗಳ ಕಾಂಪೌಂಡಿನ ಮೇಲೆ ಕುವೆಂಪು, ಬೇಂದ್ರೆ, ಸೌರವ್ಯೂಹ, ‘ಮರ ಉಳಿಸಿ’. ಬೆಳಗಿನ ಜಾವ ಪ್ರತಿ ಮನೆಯ ಮುಂದೆ ಚುಕ್ಕಿ ರಂಗೋಲಿ. ಇಷ್ಟನ್ನೂ ನೋಡಲು ಟಿಕೆಟ್ ಬೇಕಿಲ್ಲ, ಬಾಗಿಲಲ್ಲಿ ಕಾವಲುಗಾರನಿಲ್ಲ. ಇದು ಬಯಲಲ್ಲಿರುವ ಗ್ಯಾಲರಿ.

ಬೋರ್ಡ್ ಬರೆಯುತ್ತಿದ್ದವರು

ಈ ಗ್ಯಾಲರಿಯ ಕತೆಯಲ್ಲಿ ಮೊದಲ ಪಾತ್ರಧಾರಿಗಳು ಕಾಲೇಜಿನಲ್ಲಿ ಕಲಿತವರಲ್ಲ, ಬೋರ್ಡ್ ಬರೆಯುತ್ತಿದ್ದವರು. ಅಂಗಡಿಯ ಫಲಕ, ಲಾರಿಯ ಹಿಂಭಾಗ, ಚುನಾವಣೆಯ ಗೋಡೆಬರಹ, ಸಿನಿಮಾದ ದೈತ್ಯ ಬ್ಯಾನರ್ ಎಲ್ಲವೂ ಅವರದೇ. ಅಂಗೈಯಗಲದ ಫೋಟೊ ಇಟ್ಟುಕೊಂಡು ಮೂವತ್ತು ಅಡಿಯ ರಾಜಕುಮಾರ್ ಅವರನ್ನು ಬರೆಯುತ್ತಿದ್ದರು. ಗುಟ್ಟು ಇದ್ದದ್ದು ಚೌಕಗಳಲ್ಲಿ. ಫೋಟೊದ ಮೇಲೆ ಸಣ್ಣ ಚೌಕಗಳನ್ನೂ ಬ್ಯಾನರಿನ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನೂ ಎಳೆದು, ಒಂದೊಂದೇ ಚೌಕದಲ್ಲಿರುವುದನ್ನು ಅದರ ಜೋಡಿ ಚೌಕಕ್ಕೆ ಇಳಿಸುವುದು. ಗೆರೆ ನೆಟ್ಟಗೆ ಬರಲು ಬಣ್ಣದ ಪುಡಿ ಮೆತ್ತಿದ ದಾರವನ್ನು ಬಿಗಿಯಾಗಿ ಹಿಡಿದು ಚಿಮ್ಮಿಸುವುದು. ಇದಕ್ಕೆ ಪಠ್ಯಪುಸ್ತಕವಿರಲಿಲ್ಲ, ಗುರುವಿನ ಬೈಗುಳವೇ ಪಾಠ.

ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಫ್ಲೆಕ್ಸ್ ಬಂತು. ಮೂರು ದಿನದ ಕೆಲಸವನ್ನು ಯಂತ್ರ ಗಂಟೆಯೊಳಗೆ ಮುಗಿಸಿತು. ಬ್ರಷ್ ಹಿಡಿದಿದ್ದ ಕೈಗಳು ಖಾಲಿಯಾದವು. ಕೆಲವರು ಮನೆಗೆ ಸುಣ್ಣಬಣ್ಣ ಬಳಿಯುವ ಕೆಲಸಕ್ಕೆ ಇಳಿದರು, ಕೆಲವರು ಕಸುಬನ್ನೇ ಬಿಟ್ಟರು.

ಅಂಥ ಹೊತ್ತಿನಲ್ಲಿ, 2009ರಲ್ಲಿ, ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಗರದ ಗೋಡೆಗಳಿಗೆ ಚಿತ್ರ ಬರೆಸಲು ಹೊರಟಿತು. ಪೋಸ್ಟರುಗಳ ಹಾವಳಿಯಿಂದ ಗೋಡೆಗಳನ್ನು ಕಾಪಾಡುವುದು ಮುಖ್ಯ ಉದ್ದೇಶ. ಭರತ್ ಲಾಲ್ ಮೀನಾ ಅವರು ಆಗ ಆಯುಕ್ತರು. ಕೆಲಸ ಸಿಕ್ಕಿದ್ದು ಇದೇ ಬೋರ್ಡ್ ಮತ್ತು ಬ್ಯಾನರ್ ಕಲಾವಿದರಿಗೆ. ನೋಡನೋಡುತ್ತಿದ್ದಂತೆ ಹಂಪಿಯ ಕಲ್ಲಿನ ರಥ, ಬೇಲೂರಿನ ಶಿಲಾಬಾಲಿಕೆ, ಜೋಗದ ಜಲಪಾತ, ಯಕ್ಷಗಾನದ ಕಿರೀಟ, ಕಾಡಿನ ಆನೆ, ಹುಲಿ ಎಲ್ಲವೂ ಟ್ರಾಫಿಕ್ಕಿನ ಪಕ್ಕಕ್ಕೇ ಬಂದವು. ಸಿಗ್ನಲ್ಲಿನಲ್ಲಿ ನಿಂತ ಸ್ಕೂಟರಿನ ಮೇಲಿನ ಮಕ್ಕಳು ‘ಅಪ್ಪಾ, ಹುಲಿ!’ ಎಂದು ಕೂಗುವಂತಾಯಿತು.

ಟೀಕೆಗಳೂ ಬಂದವು. ಇದು ಕಲೆಯಲ್ಲ, ಕ್ಯಾಲೆಂಡರ್ ಎಂದರು ಕೆಲವರು. ಎಲ್ಲೆಲ್ಲೂ ಅವೇ ಜಲಪಾತ, ಅವೇ ಗೋಪುರ; ನಗರದ ಇಂದಿನ ಬದುಕು ಎಲ್ಲಿ ಎಂದು ಕೇಳಿದರು. ಮಾತಿನಲ್ಲಿ ಹುರುಳಿತ್ತು. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಕೈಬಿಟ್ಟುಹೋಗುತ್ತಿದ್ದ ಒಂದು ಕಸುಬಿಗೆ ಆ ಗೋಡೆಗಳು ಕೂಲಿ ಕೊಟ್ಟವು. ಬೆಂಗಳೂರಿನಲ್ಲಿ ಸಾರ್ವಜನಿಕ ಹಣದಿಂದ ಅಷ್ಟು ಜನ ಚಿತ್ರಗಾರರು ಒಟ್ಟಿಗೆ ಬ್ರಷ್ ಹಿಡಿದದ್ದು ಅಪರೂಪದ ಸಂಗತಿ.

ಮುಂದೇನಾಯಿತು? ಬಿಸಿಲಿಗೆ ಬಣ್ಣ ಮಾಸಿತು, ಮಳೆಗೆ ಗಾರೆ ಉದುರಿತು. ರಸ್ತೆ ಅಗಲಿಸಲು ಕೆಲವು ಗೋಡೆಗಳನ್ನೇ ಕೆಡವಿದರು. ಬರೆಸುವಾಗ ಇದ್ದ ಉತ್ಸಾಹ ಕಾಪಾಡುವಾಗ ಇರಲಿಲ್ಲ. ವರ್ಷಕ್ಕೊಮ್ಮೆ ಅದೇ ಕಲಾವಿದರನ್ನು ಕರೆಸಿ ತಿದ್ದಿಸಿದ್ದರೆ ಗೋಡೆಗೂ ಆಯುಷ್ಯ, ಅವರಿಗೂ ಕೆಲಸ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಛೀಮಾರಿ ಹಾಕಿದ ಮೇಲೆ ನಗರದ ಫ್ಲೆಕ್ಸುಗಳನ್ನು ರಾಶಿ ರಾಶಿಯಾಗಿ ಕಿತ್ತು ಹಾಕಿದರು. ಅಷ್ಟರಲ್ಲಿ ಬ್ಯಾನರ್ ಬರೆಯುತ್ತಿದ್ದ ಒಂದು ತಲೆಮಾರೇ ಬ್ರಷ್ ಕೆಳಗಿಟ್ಟಾಗಿತ್ತು.

ಗುಂಡಿಯಲ್ಲಿ ಮೊಸಳೆ

ಗೋಡೆಗೆ ಅಂದ ಕೊಡುವುದಷ್ಟೇ ಬೀದಿ ಕಲೆಯ ಕೆಲಸವಲ್ಲ. ಅದು ಪ್ರಶ್ನೆಯನ್ನೂ ಕೇಳಬಲ್ಲದು. ಇದಕ್ಕೆ ಉದಾಹರಣೆ ನೋಡಲು ನಗರದ ಇನ್ನೊಂದು ತುದಿಗೆ ಹೋಗಬೇಕು. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರ ನೀರಿನಲ್ಲಿ ಒಂದು ಮೊಸಳೆ ಮಲಗಿತ್ತು! ಫೈಬರಿನ ಮೊಸಳೆ. ತಂದಿಟ್ಟವರು ಕಲಾವಿದ ಬಾದಲ್ ನಂಜುಂಡಸ್ವಾಮಿ. ಗುಂಡಿಯ ಬಗ್ಗೆ ಜನ ಕೊಟ್ಟ ದೂರುಗಳಿಗೆ ಆಗದಿದ್ದ ಕೆಲಸ ಮೊಸಳೆಗೆ ಆಯಿತು. ಪತ್ರಿಕೆಗಳಲ್ಲಿ ಚಿತ್ರ ಬಂದದ್ದೇ ತಡ, ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರ್‌ನಲ್ಲಿ ಅದೇ ಬಾದಲ್, ಮಾಗಡಿ ರಸ್ತೆ ಕಡೆಯ ಹೇರೋಹಳ್ಳಿ ಬಳಿಯ ಹಳ್ಳಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ವೇಷದ ನಟನನ್ನು ನಡೆಸಿ ವಿಡಿಯೊ ಮಾಡಿದರು. ಚಂದ್ರಯಾನ-2ರ ಸುದ್ದಿ ಎಲ್ಲೆಲ್ಲೂ ಇದ್ದ ದಿನಗಳು. ರಸ್ತೆಯೇ ಚಂದ್ರನ ನೆಲದಂತೆ ಕಂಡು ದೇಶವೆಲ್ಲ ನಕ್ಕಿತು, ರಿಪೇರಿ ಕೂಡಲೇ ಶುರುವಾಯಿತು.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇನ್ನೊಂದಿದೆ. ಬಾದಲ್ ಕಲಿತದ್ದು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ, ಎಂದರೆ ‘ಕಾವಾ’ದಲ್ಲಿ. ಆಮೇಲೆ ಜಾಹೀರಾತು ಕಂಪನಿಯಲ್ಲಿ ದುಡಿದರು. ಬೀದಿಯ ಕಲೆ ತಟ್ಟನೆ ಹೊಳೆದ ಚೇಷ್ಟೆಯಂತೆ ಕಂಡರೂ ಅದರ ಹಿಂದೆ ವರ್ಷಗಟ್ಟಲೆಯ ಅಭ್ಯಾಸವಿದೆ. ಅನ್ನ ಕೊಡುವ ಇನ್ನೊಂದು ಕೆಲಸವೂ ಜೊತೆಗಿತ್ತು.

ಕೆ.ಆರ್. ಮಾರುಕಟ್ಟೆಯ ಕಡೆ ಹೋದವರು ಅರವಾಣಿ ಆರ್ಟ್ ಪ್ರಾಜೆಕ್ಟ್‌ನ ಕೆಲಸವನ್ನು ಕೇಳಿರಬಹುದು. ಪೂರ್ಣಿಮಾ ಸುಕುಮಾರ್ 2016ರಲ್ಲಿ ಆರಂಭಿಸಿದ ತಂಡ ಇದು. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಇತರರ ಜೊತೆ ಸೇರಿ ಗೋಡೆಗಳಿಗೆ ಬಣ್ಣ ತುಂಬುತ್ತಾರೆ. ಬೀದಿಯಲ್ಲಿ ಜನ ಯಾರನ್ನು ಕಂಡು ಮುಖ ತಿರುಗಿಸುತ್ತಿದ್ದರೋ ಅವರೇ ಅದೇ ಬೀದಿಯ ಗೋಡೆಯ ಮುಂದೆ ಬ್ರಷ್ ಹಿಡಿದು ನಿಂತಾಗ ನೋಟವೇ ಬೇರೆಯಾಗುತ್ತದೆ.

ಮೆಟ್ರೊ ನಿಲ್ದಾಣದಲ್ಲೂ ಇಂಥ ಪ್ರಯೋಗಗಳು ನಡೆದಿವೆ. ಸೃಷ್ಟಿ ಕಲಾಶಾಲೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಮೆಟ್ರೊ ನಿಗಮದ ಜೊತೆ ಸೇರಿ ‘ಆರ್ಟ್ ಇನ್ ಟ್ರಾನ್ಸಿಟ್’ ಎಂಬ ಹೆಸರಿನಲ್ಲಿ ಪೀಣ್ಯ ಮತ್ತು ಕಬ್ಬನ್ ಪಾರ್ಕ್ ನಿಲ್ದಾಣಗಳಲ್ಲಿ ಕೆಲಸ ಮಾಡಿದರು. ಪಾಠದ ಅಂಗವಾಗಿಯೇ ವಿದ್ಯಾರ್ಥಿಗಳಿಗೆ ಊರಿನ ಗೋಡೆ ಸಿಕ್ಕಿತು. ಜಯನಗರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಕಬ್ಬನ್ ಪಾರ್ಕ್ ನಿಲ್ದಾಣ ಹೆಚ್ಚು ದೂರವಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಲು ಭಾನುವಾರ ಒಳ್ಳೆಯದು.

ಮತ್ತೆ ನಮ್ಮ ಬಡಾವಣೆಗಳಿಗೆ ಬರೋಣ. 2024ರ ಜುಲೈನಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಎರಡಂತಸ್ತಿನ ಮೇಲ್ಸೇತುವೆ ತೆರೆಯಿತು. ಕೆಳಗೊಂದು ರಸ್ತೆ, ನಡುವೆ ಇನ್ನೊಂದು ರಸ್ತೆ, ತುದಿಯಲ್ಲಿ ಮೆಟ್ರೊ. 2025ರ ಆಗಸ್ಟ್‌ನಲ್ಲಿ ಅದರ ಮೇಲೆ ಹಳದಿ ಮಾರ್ಗದ ರೈಲು ಓಡಿತು. ಜಯದೇವ ಆಸ್ಪತ್ರೆ, ಬಿ.ಟಿ.ಎಂ. ಲೇಔಟ್ ನಿಲ್ದಾಣಗಳ ಕೆಳಗೆ ನಿಂತು ತಲೆ ಎತ್ತಿ ನೋಡಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಕೂಡಿಸಿ ಹೆಸರಿಟ್ಟ ಬಡಾವಣೆ ಇದು. ಆ ಊರುಗಳ ಕೆರೆ, ಗದ್ದೆ, ಜಾತ್ರೆ ಹೇಗಿದ್ದವೆಂದು ಇಲ್ಲಿ ಬಾಡಿಗೆಗಿರುವ ಹುಡುಗ ಹುಡುಗಿಯರಿಗೆ ತಿಳಿಯದು. ಅದನ್ನು ಹೇಳಲು ಈ ಕಂಬಗಳಿಗಿಂತ ದೊಡ್ಡ ಹಾಳೆ ಎಲ್ಲಿ ಸಿಕ್ಕೀತು?

ಗೋಡೆ ಕೇಳುವ ಲೆಕ್ಕ

ಗೋಡೆ ಕಂಡಿತೆಂದು ಬ್ರಷ್ ಎತ್ತುವಂತಿಲ್ಲ. ತೆರೆದ ಸ್ಥಳಗಳನ್ನು ಅಂದಗೆಡಿಸುವುದನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 1981ರಿಂದ ಇದೆ. ಗೋಡೆ ಯಾರದೆಂದು ತಿಳಿದು ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು. ಸರ್ಕಾರಿ ಶಾಲೆಯ ಗೋಡೆಯಾದರೆ ಮುಖ್ಯೋಪಾಧ್ಯಾಯರು ಮತ್ತು ಶಾಲಾಭಿವೃದ್ಧಿ ಸಮಿತಿ, ಮೆಟ್ರೊ ಕಂಬವಾದರೆ ಮೆಟ್ರೊ ನಿಗಮ, ಪಾರ್ಕು ಮತ್ತು ರಸ್ತೆಬದಿಯಾದರೆ ನಗರಪಾಲಿಕೆ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದಿರುವುದರಿಂದ ನಿಮ್ಮ ರಸ್ತೆ ಯಾವುದಕ್ಕೆ ಸೇರಿದೆ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ.

ಆಮೇಲೆ ಅಳತೆ. ಹತ್ತು ಅಡಿ ಎತ್ತರ, ನಲವತ್ತು ಅಡಿ ಉದ್ದದ ಗೋಡೆ ಎಂದರೆ 400 ಚದರ ಅಡಿ. ಅಡಿಗೆ ಅರ್ಧ ಅಂಗುಲದ ಲೆಕ್ಕದಲ್ಲಿ 5 ಅಂಗುಲ ಎತ್ತರ, 20 ಅಂಗುಲ ಉದ್ದದ ಹಾಳೆಯಲ್ಲಿ ಮೊದಲು ಬರೆದು ತೋರಿಸಬೇಕು. ಹೊರಗೋಡೆಯ ಬಣ್ಣ ಲೀಟರಿಗೆ ಎರಡು ಕೋಟಿನಲ್ಲಿ ಸುಮಾರು 50 ಚದರ ಅಡಿ ಸಾಗುತ್ತದೆ ಎಂದುಕೊಂಡರೂ ನೆಲಬಣ್ಣಕ್ಕೇ 8 ಲೀಟರ್ ಬೇಕು. ಅದಕ್ಕೂ ಮೊದಲು ಗೋಡೆ ಕೆರೆದು ತೊಳೆದು ಪ್ರೈಮರ್ ಹೊಡೆಯಬೇಕು. ಗೋಡೆ ನೀರು ಕುಡಿದಿದ್ದರೆ ಎಂಥ ಬಣ್ಣವೂ ಒಂದು ಮಳೆಗಾಲ ಬಾಳದು. ಸಾರುವೆ ಕಟ್ಟುವ ಖರ್ಚು ಬೇರೆ. ಮಕ್ಕಳು ಜೊತೆಗಿದ್ದರೆ ಅವರ ಕೈಗೆಟಕುವ ಎತ್ತರದವರೆಗೆ ಮಾತ್ರ ಅವರ ಪಾಲು. ಸಾರುವೆ ಏರುವುದು ದೊಡ್ಡವರ ಕೆಲಸ.

ಇಷ್ಟೆಲ್ಲ ಲೆಕ್ಕ ಹಾಕುವವರು ಒಂದನ್ನು ಮಾತ್ರ ಮರೆಯುತ್ತಾರೆ: ಕಲಾವಿದನ ಕೂಲಿ. ‘ಬಣ್ಣ ನಾವು ಕೊಡಿಸುತ್ತೇವೆ, ನಿಮಗೆ ಹೆಸರು ಬರುತ್ತದೆ’ ಎಂಬ ಮಾತು ಕೇಳದ ಚಿತ್ರಕಲಾ ವಿದ್ಯಾರ್ಥಿ ಇಲ್ಲ. ಗಾರೆಯವನಿಗೆ, ಬಣ್ಣದಂಗಡಿಯವನಿಗೆ, ಸಾರುವೆಯವನಿಗೆ ದುಡ್ಡು, ಬರೆದವನಿಗೆ ಚಪ್ಪಾಳೆ! ಮೊದಲ ಒಂದೆರಡು ಗೋಡೆಗಳನ್ನು ಕಲಿಕೆಗಾಗಿ, ತನ್ನ ಶಾಲೆಗಾಗಿ ಬರೆದರೆ ತಪ್ಪಿಲ್ಲ. ಅದೇ ವಾಡಿಕೆಯಾದರೆ ಕಸುಬು ಉಳಿಯದು. ಮಾತು ಕೊಡುವ ಮೊದಲೇ ಚದರ ಅಡಿಗೆ ಎಷ್ಟು, ಎಷ್ಟು ದಿನ, ಮುಂಗಡ ಎಷ್ಟು, ಬಣ್ಣ ಮಾಸಿದರೆ ತಿದ್ದುವವರು ಯಾರು, ಗೋಡೆಯ ಮೂಲೆಯಲ್ಲಿ ಹೆಸರು ಇರುತ್ತದೆಯೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಮಾಡುವುದು ಕ್ಷೇಮ.

ಬೇರೆ ಊರುಗಳು ಇದಕ್ಕೆ ದಾರಿ ಹುಡುಕಿಕೊಂಡಿವೆ. ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲೇ ಕಟ್ಟಡ ವೆಚ್ಚದ ಒಂದು ಪಾಲನ್ನು ಕಲೆಗೆ ಎತ್ತಿಡುವ ನಿಯಮ ಮಾಡಿತು. 1984ರಲ್ಲಿ ಅಲ್ಲಿನ ಆಡಳಿತ, ಗೋಡೆ ಗೀಚುತ್ತಿದ್ದ ಹುಡುಗರ ಕೈಗೆ ಬ್ರಷ್ ಕೊಟ್ಟು ಭಿತ್ತಿಚಿತ್ರ ಬರೆಯಲು ಹಚ್ಚಿತು. ಅಲ್ಲಿ ಸಾವಿರಾರು ಭಿತ್ತಿಚಿತ್ರಗಳು ಎದ್ದವು. ನೋಡಲು ಪ್ರವಾಸಿಗರೂ ಬರುತ್ತಾರೆ. ಇದರ ಗುಟ್ಟು ಬಣ್ಣದಲ್ಲಿಲ್ಲ. ವರ್ಷ ವರ್ಷವೂ ತಪ್ಪದೆ ಹಣ ತೆಗೆದಿಟ್ಟದ್ದರಲ್ಲಿದೆ. ನಮ್ಮಲ್ಲಿ ಗೋಡೆಚಿತ್ರ ಹಬ್ಬದ ಅಡುಗೆಯಂತೆ. ಒಂದು ದಿನ ಭೂರಿಭೋಜನ, ಮರುದಿನ ಒಲೆ ತಣ್ಣಗೆ.

ಕಲಿಯುವವರಿಗೆ ದಾರಿ

ಹಾಗಾದರೆ ಚಿತ್ರ ಬರೆಯುವ ಮಗುವಿಗೆ ತಂದೆ ತಾಯಿ ಏನು ಹೇಳಬೇಕು? ಗೋಡೆಯೊಂದನ್ನೇ ನಂಬಿ ಸಂಸಾರ ತೂಗಿಸುವುದು ಕಷ್ಟ, ಇದನ್ನು ಮುಚ್ಚಿಡಬಾರದು. ಆದರೆ ಗೋಡೆ ಬರೆಯಲು ಬೇಕಾದ ವಿದ್ಯೆ ಹತ್ತು ಕಡೆ ಕೆಲಸಕ್ಕೆ ಬರುತ್ತದೆ. ಪುಸ್ತಕದ ಚಿತ್ರ, ಆನಿಮೇಷನ್, ಜಾಹೀರಾತು, ರಂಗಸಜ್ಜಿಕೆ, ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ ವೃತ್ತಿ. ಬಿ.ಟಿ.ಎಂ., ಜೆ.ಪಿ. ನಗರಗಳ ಕಾಫಿ ಅಂಗಡಿ, ಜಿಮ್, ಪ್ಲೇಹೋಮ್‌ಗಳೂ ಗೋಡೆ ಬರೆಸುತ್ತವೆ. ಪಾಲಿಕೆಯ ಟೆಂಡರಿಗೆ ಕಾಯುವುದಕ್ಕಿಂತ ಅಲ್ಲಿ ದುಡ್ಡು ಬೇಗ ಕೈಸೇರುವುದುಂಟು.

ಈ ಭಾಗದಲ್ಲಿ ಕಲೆಯ ವಾತಾವರಣಕ್ಕೆ ಕೊರತೆಯಿಲ್ಲ. ಎ.ಎನ್. ಸುಬ್ಬರಾಯರು ‘ಕಲಾಮಂದಿರ’ ಎಂಬ ಚಿತ್ರಕಲಾ ಶಾಲೆಯನ್ನು ಆರಂಭಿಸಿದ್ದು 1919ರಲ್ಲಿ. ಹನುಮಂತನಗರದವರಿಗೆ ಅದು ಮನೆಮಾತು. ಬನಶಂಕರಿ ಎರಡನೇ ಹಂತದಲ್ಲಿ 1971ರಲ್ಲಿ ಹುಟ್ಟಿದ ‘ಸುಚಿತ್ರಾ’ದ ನೆಲೆ ಇದೆ. ಜೆ.ಪಿ. ನಗರದ ‘ರಂಗಶಂಕರ’ವನ್ನು ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದ್ದು 2004ರಲ್ಲಿ. ನಾಟಕ, ಸಿನಿಮಾ, ಚಿತ್ರ ಇವೆಲ್ಲ ಒಂದೇ ಬೇರಿನ ಕೊಂಬೆಗಳು. ಚಿತ್ರ ಬರೆಯುವ ಮಗು ನಾಟಕದ ಬೆಳಕನ್ನೂ ನೋಡಲಿ.

ಶಾಲೆಯಲ್ಲಿರುವಾಗಲೇ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳನ್ನು ಕಟ್ಟಬಹುದು. ಪಿ.ಯು.ಸಿ. ಆದ ಮೇಲೆ ನಾಲ್ಕು ವರ್ಷದ ಬಿ.ವಿ.ಎ. ಪದವಿ ಇದೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಹೆಸರಾದ ಕಡೆಗಳು. ಪರಿಷತ್ತು ಪ್ರತಿವರ್ಷ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ‘ಚಿತ್ರಸಂತೆ’ ನಡೆಸುತ್ತದೆ. 2025ರದು 22ನೆಯದು. ಬೀದಿಯಲ್ಲೇ ಚಿತ್ರ ಹರವಿಕೊಂಡು ಕೂತ ನೂರಾರು ಕಲಾವಿದರನ್ನು ಅಲ್ಲಿ ಕಾಣಬಹುದು. ಮಗುವಿನ ಭವಿಷ್ಯದ ಬಗ್ಗೆ ಅಳುಕುವ ತಂದೆ ತಾಯಿ ಒಮ್ಮೆ ಅಲ್ಲಿಗೆ ಹೋಗಿ, ಚಿತ್ರ ಕೊಳ್ಳದಿದ್ದರೂ ಚಿಂತೆಯಿಲ್ಲ, ಒಬ್ಬಿಬ್ಬರು ಕಲಾವಿದರನ್ನು ‘ಜೀವನ ಹೇಗೆ ನಡೆಯುತ್ತದೆ?’ ಎಂದು ಕೇಳಬೇಕು. ಪುಸ್ತಕದಲ್ಲಿ ಸಿಗದ ಉತ್ತರ ಸಿಗುತ್ತದೆ.

ಬೆಂಗಳೂರಿನಲ್ಲೇ ನೆಲೆಸಿರುವ ‘ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್’ ಎಂಬ ಸಂಸ್ಥೆ ಕಲಾವಿದರಿಗೆ ಅನುದಾನ ಕೊಡುತ್ತ ಬಂದಿದೆ. ಅದರ ‘ಕಲಿ-ಕಲಿಸು’ ಕಾರ್ಯಕ್ರಮ ಸರ್ಕಾರಿ ಶಾಲೆಗಳ ಶಿಕ್ಷಕರ ಕೈಗೂ ಎಟಕಿದೆ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಲಲಿತಕಲಾ ಅಕಾಡೆಮಿಯ ಪ್ರಕಟಣೆಗಳ ಮೇಲೆ ಕಣ್ಣಿಟ್ಟರೆ ಶಿಬಿರ, ಪ್ರದರ್ಶನಗಳ ಸುಳಿವು ಸಿಗುತ್ತದೆ. ಅರ್ಜಿ ಹಾಕುವಾಗ ಕೇಳುವುದು ಮುಖ್ಯವಾಗಿ ಹಿಂದಿನ ಕೆಲಸದ ಚಿತ್ರಗಳನ್ನು. ಆದ್ದರಿಂದ ಶಾಲೆಯ ಕಾಂಪೌಂಡಿನ ಒಂದು ಸಣ್ಣ ಚಿತ್ರವಾದರೂ ಸರಿ, ಬರೆಯುವ ಮೊದಲು, ಬರೆಯುವಾಗ, ಬರೆದಾದ ಮೇಲೆ ಫೋಟೊ ತೆಗೆದು ದಿನಾಂಕ ಹಾಕಿ ಇಟ್ಟುಕೊಳ್ಳಬೇಕು. ಗೋಡೆ ಬಿದ್ದರೂ ಕೆಲಸದ ಸಾಕ್ಷಿ ಉಳಿಯುತ್ತದೆ.

ನೋಡುವ ನಮಗೂ ಒಂದು ಕೆಲಸವಿದೆ. ಚೆಂದದ ಗೋಡೆ ಕಂಡಾಗ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಮೊದಲು ಕೆಳಗಿನ ಮೂಲೆಯನ್ನು ನೋಡೋಣ. ಅಲ್ಲಿ ಹೆಸರಿದ್ದರೆ ಮಕ್ಕಳಿಗೆ ಓದಿ ಹೇಳೋಣ. ಇಲ್ಲದಿದ್ದರೆ ಶಾಲೆಯಲ್ಲಿ, ಬಡಾವಣೆಯ ಸಂಘದಲ್ಲಿ, ಪಾಲಿಕೆಯ ಕಚೇರಿಯಲ್ಲಿ ‘ಇದನ್ನು ಬರೆದವರು ಯಾರು? ಅವರಿಗೆ ಏನು ಕೊಟ್ಟಿರಿ?’ ಎಂದು ವಿಚಾರಿಸೋಣ. ಹೀಗೆ ಕೇಳುವವರು ಹೆಚ್ಚಿದಷ್ಟೂ ಮುಂದಿನ ಗೋಡೆ ಬರೆಯುವವರಿಗೆ ಕೂಲಿಯೂ ಹೆಸರೂ ಸಿಗುವ ಸಂಭವ ಹೆಚ್ಚು. ಆಗ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಚಿತ್ರ ಬರೆಯುವ ಮಗುವಿಗೆ ‘ಮುಂದಿನ ಪುಟದಲ್ಲೇ ಬರಿ’ ಎಂದು ಹೇಳುವ ಧೈರ್ಯ ತಂದೆ ತಾಯಿಗೂ ಬಂದೀತು.